ಮಾತು ಮುಗಿಯಲಿ, ಆಮೇಲೆ ನಗೋಣ

ಬನಾರಸಿನಲ್ಲಿ ಗೇಲಿಗೆ ಸಿಗದವರು ಯಾರೂ ಇಲ್ಲ. ಮಂತ್ರಿ, ಮಹಂತ, ಪ್ರೊಫೆಸರ್, ಪೊಲೀಸ್, ಕೊನೆಗೆ ಸಾಕ್ಷಾತ್ ವಿಶ್ವನಾಥನಿಗೂ ಇಲ್ಲಿನ ಚಹಾದಂಗಡಿಗಳಲ್ಲಿ ಅವರವರ ಪಾಲು ಸಲ್ಲುತ್ತದೆ. ಪ್ರತಿ ವರ್ಷ ಏಪ್ರಿಲ್ 1ರ ಸಂಜೆ ರಾಜೇಂದ್ರ ಪ್ರಸಾದ್ ಘಾಟಿನಲ್ಲಿ ಮಹಾಮೂರ್ಖ ಮೇಳ ನಡೆಯುತ್ತದೆ. ಕತ್ತೆಯ ಕೂಗೇ ಅದರ ಪ್ರಾರ್ಥನೆ. ಗಂಡಸು ವಧು, ಹೆಂಗಸು ವರ, ಅಡ್ಡಾದಿಡ್ಡಿ ಮಂತ್ರ ಹೇಳುವ ಪುರೋಹಿತ. ಊರಿನ ಗಣ್ಯರೆಲ್ಲ ಮೆಟ್ಟಿಲ ಮೇಲೆ ಕೂತು ತಮ್ಮನ್ನೇ ಮೂರ್ಖರೆಂದು ಕರೆಸಿಕೊಂಡು ನಗುತ್ತಾರೆ. ನಮ್ಮಂಥ ದಕ್ಷಿಣದವರ ಹಿಂದಿಯಂತೂ ಇವರಿಗೆ ದಿನನಿತ್ಯದ ಹಬ್ಬ. ರೈಲು ಹಿಂದಿಯಲ್ಲಿ ಹೆಣ್ಣು. ಅದನ್ನು ಗಂಡು ಮಾಡಿದವರಿಗೆ ಪಾನ್ ಅಂಗಡಿಯವನು, ‘ಇನ್ನು ಅದಕ್ಕೊಂದು ಹೆಣ್ಣು ನೋಡಬೇಕಲ್ಲ ಗುರು’ ಎನ್ನದೆ ಬಿಡುವುದಿಲ್ಲ.

ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದು ಈ ಊರಲ್ಲಿ ಆರು ವರ್ಷ ಕಳೆದ ನನಗೆ ಈ ನಗು ಇಷ್ಟ. ಆದ್ದರಿಂದಲೇ ಕಳೆದ ತಿಂಗಳು ಊಟದ ಹೊತ್ತಿನಲ್ಲಿ ಎದ್ದ ಪ್ರಶ್ನೆಯೊಂದು ಇನ್ನೂ ತಲೆಯಿಂದ ಹೋಗಿಲ್ಲ. ಯಾರದೋ ಮೊಬೈಲಿನಲ್ಲಿ ಒಂದು ವಿಡಿಯೊ ತುಣುಕು ಬಂದಿತ್ತು. ವೇದಿಕೆಯ ಮೇಲೆ ಹಾಸ್ಯಗಾರನೊಬ್ಬ ಉಗ್ಗುವವನ ಅನುಕರಣೆ ಮಾಡುತ್ತಾನೆ. ಬಸ್ಸಿನಲ್ಲಿ ಟಿಕೆಟ್ ಕೇಳಲು ಹೋಗಿ ಊರಿನ ಹೆಸರು ಹೊರಡದೆ, ಹೆಸರು ಹೊರಡುವಷ್ಟರಲ್ಲಿ ಊರೇ ದಾಟಿಹೋಗುತ್ತದೆ. ಮೇಜಿನ ಸುತ್ತ ಅರ್ಧ ಜನ ನಕ್ಕರು. ಒಬ್ಬರು ‘ಪಾಪ, ಇದಕ್ಕೆಲ್ಲ ನಗಬಾರದು’ ಎಂದರು. ಇನ್ನೊಬ್ಬರು ಸಿಡುಕಿದರು: ‘ಇದಕ್ಕೂ ಬೇಡ, ಅದಕ್ಕೂ ಬೇಡ ಅಂದರೆ ನಗೋದು ಯಾವುದಕ್ಕೆ? ಕಾಶಿಯಲ್ಲಿ ಶಿವನನ್ನೇ ಬಿಡಲ್ಲ.’

ಆ ಕೊನೆಯ ಮಾತನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಎಲ್ಲರನ್ನೂ ನಗುತ್ತೇವೆ, ಆದ್ದರಿಂದ ಇವನನ್ನೂ ನಗುತ್ತೇವೆ, ಬಿಟ್ಟರೇ ಅವಮಾನ ಎಂಬ ವಾದದಲ್ಲಿ ಒಂದು ಬಗೆಯ ಸಮಾನತೆಯಿದೆ. ಆದರೆ ಬನಾರಸಿನ ಗೇಲಿಗೆ ಒಂದು ನಿಯಮವಿದೆ, ಯಾರೂ ಬಾಯಿಬಿಟ್ಟು ಹೇಳದ ನಿಯಮ. ಹೊಡೆಸಿಕೊಂಡವನಿಗೆ ತಿರುಗಿ ಹೊಡೆಯುವ ಹಕ್ಕಿದೆ. ನೀವು ನನ್ನ ಹೊಟ್ಟೆ ನೋಡಿ ನಕ್ಕರೆ ನಾನು ನಿಮ್ಮ ಜಿಪುಣತನ ನೋಡಿ ನಗುತ್ತೇನೆ. ಆಟದ ರುಚಿಯೆಲ್ಲ ಆ ಮರುಮಾತಿನಲ್ಲಿದೆ, ಅದೂ ತಕ್ಷಣ, ಚಹಾ ಆರುವ ಮೊದಲು ಬರಬೇಕು. ಉಗ್ಗುವವನಿಗೆ ಇಲ್ಲದಿರುವುದು ಅದೊಂದೇ, ಆ ತಕ್ಷಣ. ಬುದ್ಧಿಯಿದೆ, ಮಾತಿದೆ, ಕುಹಕವೂ ಇದೆ. ಸಮಯವನ್ನು ಮಾತ್ರ ನಾವು ಕೊಡುವುದಿಲ್ಲ.

ನಮ್ಮ ಶಾಖೆಯಲ್ಲಿ ಗಾಜಿಪುರದ ಕಡೆಯ ಸಹೋದ್ಯೋಗಿಯೊಬ್ಬರಿದ್ದಾರೆ. ಸಾಲದ ಕಡತಗಳಲ್ಲಿ ಅವರಷ್ಟು ಚುರುಕು ಇನ್ನೊಬ್ಬರಿಲ್ಲ. ಅವರಿಗೆ ಉಗ್ಗು ಇದೆ. ಅಸ್ಸಿಯ ಚಹಾದಂಗಡಿಯಲ್ಲಿ ಅವರ ಪಕ್ಕ ಕೂತಾಗಲೆಲ್ಲ ನಾನು ಒಂದನ್ನು ಗಮನಿಸಿದ್ದೇನೆ. ಯಾರೋ ಒಂದು ಮಾತು ಎಸೆಯುತ್ತಾರೆ. ಇವರ ಕಣ್ಣಲ್ಲಿ ಉತ್ತರ ಮಿಂಚುತ್ತದೆ, ತುಟಿ ಅಲುಗುತ್ತದೆ, ಮೊದಲ ಅಕ್ಷರ ಅಲ್ಲೇ ನಿಲ್ಲುತ್ತದೆ. ಅಷ್ಟರಲ್ಲಿ ಇನ್ನೊಬ್ಬ ನುಗ್ಗಿ ಇವರ ವಾಕ್ಯವನ್ನು ತಾನೇ ಮುಗಿಸಿಬಿಡುತ್ತಾನೆ, ಅದೂ ತಪ್ಪಾಗಿ. ಎಲ್ಲರೂ ನಗುತ್ತಾರೆ. ಮಾತು ಮುಂದಕ್ಕೆ ಹೋಗುತ್ತದೆ. ಇವರ ಉತ್ತರ ಬಾಯಲ್ಲೇ ಉಳಿಯುತ್ತದೆ. ‘ಎಲ್ಲರನ್ನೂ ನಗುತ್ತೇವೆ’ ಎನ್ನುವ ಸಮಾನತೆ ಇಲ್ಲಿ ಮುರಿದುಬೀಳುತ್ತದೆ. ಕೈ ಕಟ್ಟಿದವನ ಜತೆ ಕುಸ್ತಿ ಮಾಡಿದಂತೆ ಇದು. (ಅವರ ತಡವರಿಕೆಯನ್ನು ನಾನಿಲ್ಲಿ ಅಕ್ಷರ ಅಕ್ಷರವಾಗಿ ಬಿಡಿಸಿ ಬರೆಯುತ್ತಿಲ್ಲ. ಅಚ್ಚಿನಲ್ಲಿ ಅದು ತಾನಾಗಿಯೇ ಕಾಮಿಡಿ ಟ್ರ್ಯಾಕ್ ಆಗಿಬಿಡುತ್ತದೆ.)

ನಮ್ಮ ಕನ್ನಡದಲ್ಲಿ ಇದಕ್ಕೆ ಎರಡು ಪದಗಳಿವೆ, ಎರಡರ ಹಣೆಬರಹವೂ ವಿಚಿತ್ರ. ‘ತೊದಲು’ ಎಂದರೆ ಮಗುವಿನ ಮಾತು. ತೊದಲ್ನುಡಿ ಕೇಳಿ ಮನೆಮಂದಿಯೆಲ್ಲ ಕರಗುತ್ತಾರೆ. ಅದೇ ಮಗುವಿಗೆ ಹತ್ತು ವರ್ಷವಾಗಿ, ಮಾತು ಇನ್ನೂ ತಡೆಯುತ್ತಿದ್ದರೆ ಪದ ಬದಲಾಗಿ ‘ಉಗ್ಗು’ ಆಗುತ್ತದೆ, ಹುಡುಗ ‘ಉಗ್ಗ’ ಆಗುತ್ತಾನೆ. ನಮ್ಮ ಹಳ್ಳಿಗಳಲ್ಲಿ ಕುಂಟ, ಮೆಳ್ಳ, ಉಗ್ಗ ಎಂಬವು ಹೆಸರಿನ ಮುಂದೆ ಇನಿಷಿಯಲ್ಲಿನಂತೆ ಅಂಟಿಕೊಂಡರೆ ಸಾಯುವ ತನಕ ಬಿಡುವುದಿಲ್ಲ. ಹಿಂದಿಯಲ್ಲಿ ‘ಹಕ್ಲಾ’. ಕಂಪನಿ ನಾಟಕದ ಉಗ್ಗುವ ಆಳು, ಸಿನಿಮಾದ ಉಗ್ಗುವ ಪೇದೆ, ಟಿ.ವಿ. ಹಾಸ್ಯ ಕಾರ್ಯಕ್ರಮದ ಉಗ್ಗುವ ಮದುಮಗ, ಇವರನ್ನೆಲ್ಲ ನೋಡಿಕೊಂಡೇ ನಾವು ಬೆಳೆದದ್ದು.

ಉಗ್ಗಿನ ಬಗ್ಗೆ ನಮ್ಮ ತಿಳಿವಳಿಕೆಯೂ ಆ ನಾಟಕಗಳ ಮಟ್ಟದಲ್ಲೇ ಇದೆ. ಹೆದರಿಕೆಯಿಂದ ಬರುತ್ತದೆ ಎನ್ನುತ್ತೇವೆ. ಉಗ್ಗುವವರನ್ನು ಅಣಕಿಸಿದರೆ ಅಣಕಿಸಿದವರಿಗೂ ಅಂಟುತ್ತದೆ ಎಂದು ಮಕ್ಕಳನ್ನು ಗದರಿಸುತ್ತೇವೆ. ಗದರಿಕೆಯ ಉದ್ದೇಶ ಒಳ್ಳೆಯದೇ, ಕಾರಣ ಮಾತ್ರ ಸುಳ್ಳು. ನಾಲಿಗೆ ದಪ್ಪ ಎಂದು ಬಜೆ ತೇಯ್ದು ಹಚ್ಚುತ್ತೇವೆ. ನಾಲಿಗೆಗೂ ಇದಕ್ಕೂ ಹೆಚ್ಚಿನ ಸಂಬಂಧವಿಲ್ಲ. ಮಾತಿಗೆ ಬೇಕಾದ ಹತ್ತಾರು ಸ್ನಾಯುಗಳನ್ನು ಕ್ಷಣಕ್ಷಣಕ್ಕೂ ಹೊಂದಿಸುವ ಮಿದುಳಿನ ಲೆಕ್ಕಾಚಾರದಲ್ಲಿ ಆಗುವ ತಡೆ ಇದು. ಬಹಳಷ್ಟು ಮನೆತನಗಳಲ್ಲಿ ವಂಶದಲ್ಲೇ ಹರಿದುಬರುತ್ತದೆ. ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ. ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಒಂದಲ್ಲ ಒಂದು ಹಂತದಲ್ಲಿ ಕಾಣಿಸಿಕೊಂಡು, ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ. ನೂರಕ್ಕೆ ಒಬ್ಬರಲ್ಲಿ ಉಳಿಯುತ್ತದೆ, ಅದರಲ್ಲೂ ಗಂಡಸರಲ್ಲಿ ಹೆಚ್ಚು. ಆ ಲೆಕ್ಕ ಹಿಡಿದರೆ ಕರ್ನಾಟಕವೊಂದರಲ್ಲೇ ಆರು ಲಕ್ಷ ಜನ. ಹೆದರಿಕೆ, ಆತುರ, ನಗುವ ಮುಖಗಳು ಅದನ್ನು ಹೆಚ್ಚಿಸುತ್ತವೆ, ಹುಟ್ಟಿಸುವುದಿಲ್ಲ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಉಗ್ಗುವವರಿಗೆ ಅತ್ಯಂತ ಕಷ್ಟದ ಪದ ಎಷ್ಟೋ ಸಲ ಅವರದೇ ಹೆಸರು. ಬೇರೆ ಯಾವ ಪದ ಅಡ್ಡ ಬಂದರೂ ಅದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬಹುದು. ‘ನಾಳೆ’ ಹೊರಡದಿದ್ದರೆ ‘ಮಂಗಳವಾರ’ ಎನ್ನಬಹುದು. ಹೆಸರಿಗೆ ಮಾತ್ರ ಬದಲಿ ಇಲ್ಲ.

ಇನ್ನು ಕಾನೂನಿನ ಮಾತು. 2023ರ ನವೆಂಬರಿನಲ್ಲಿ ‘ಆಂಖ್ ಮಿಚೋಲಿ’ ಎಂಬ ಹಿಂದಿ ಚಿತ್ರ ಬಂತು. ಅದರಲ್ಲಿ ಮರೆವಿನ ಅಪ್ಪ, ಕಿವಿ ಕೇಳದವನು, ಮಾತು ತಡೆಯುವವನು ಎಲ್ಲರೂ ಇದ್ದರು, ಒಬ್ಬೊಬ್ಬರಿಗೂ ಒಂದೊಂದು ಅಡ್ಡಹೆಸರು. ಮಾತು ತಡೆಯುವವನಿಗೆ ಇಟ್ಟ ಹೆಸರು ‘ಅಟ್ಕೀ ಹುಯೀ ಕ್ಯಾಸೆಟ್’, ಅಂದರೆ ಸಿಕ್ಕಿಹಾಕಿಕೊಂಡ ಕ್ಯಾಸೆಟ್. ಅಂಗವಿಕಲರ ಹಕ್ಕುಗಳ ಹೋರಾಟಗಾರ ನಿಪುಣ್ ಮಲ್ಹೋತ್ರಾ ದೆಹಲಿ ಹೈಕೋರ್ಟಿಗೆ ಹೋದರು. ಅಲ್ಲಿ ಅರ್ಜಿ ವಜಾ ಆಯಿತು. ಸುಪ್ರೀಂ ಕೋರ್ಟಿಗೆ ಹೋದರು. 2024ರ ಜುಲೈ 8ರಂದು ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಚಿತ್ರವನ್ನು ನಿಷೇಧಿಸಲಿಲ್ಲ. ಆದರೆ ಒಂದು ಗೆರೆ ಎಳೆಯಿತು. ವೈಕಲ್ಯದ ಬದುಕನ್ನು ಅರ್ಥ ಮಾಡಿಸುವ, ನಮ್ಮ ತಲೆಯೊಳಗಿನ ಸಿದ್ಧ ಚಿತ್ರಗಳನ್ನು ಒಡೆಯುವ ಹಾಸ್ಯ ಒಂದು. ಆ ವ್ಯಕ್ತಿಯನ್ನು ಇನ್ನಷ್ಟು ಕುಗ್ಗಿಸುವ ಹಾಸ್ಯ ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದು ಹೇಳಿ, ಚಿತ್ರ ಮಾಡುವವರಿಗೆ ಕೆಲವು ಸೂಚನೆಗಳನ್ನೂ ಕೊಟ್ಟಿತು. ಯಾರ ಬಗ್ಗೆ ಚಿತ್ರ ಮಾಡುತ್ತೀರೋ ಅವರನ್ನು ಕೇಳಿ ಮಾಡಿ ಎಂಬುದು ಅದರಲ್ಲಿ ಮುಖ್ಯವಾದದ್ದು.

ನಿಷೇಧಿಸದೆ ಇದ್ದದ್ದು ಸರಿ ಎಂದೇ ನನ್ನ ಅನಿಸಿಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಕಲಮಿನಲ್ಲಿ, ಅವಮಾನಿಸುವ ಉದ್ದೇಶದಿಂದ ಸಾರ್ವಜನಿಕವಾಗಿ ಹೀಯಾಳಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಎಂದಿದೆ. ಅದೇ ಕಾಯ್ದೆಯಲ್ಲಿ ಮಾತಿನ ವೈಕಲ್ಯದ ವ್ಯಾಖ್ಯೆ ಓದಿದರೆ, ಧ್ವನಿಪೆಟ್ಟಿಗೆ ತೆಗೆಸಿಕೊಂಡವರು, ಪಾರ್ಶ್ವವಾಯುವಿನಂಥ ಆಘಾತದಿಂದ ಭಾಷೆ ಕಳೆದುಕೊಂಡವರು ಮೊದಲು ಕಣ್ಣಿಗೆ ಬೀಳುತ್ತಾರೆ. ಉಗ್ಗಿನ ಹೆಸರು ಅಲ್ಲಿಲ್ಲ. ಅಂದರೆ ಉಗ್ಗುವವರು ಕಾಯ್ದೆಯ ಬಾಗಿಲ ಬಳಿ ಅರ್ಧ ಒಳಗೆ, ಅರ್ಧ ಹೊರಗೆ ನಿಂತಿದ್ದಾರೆ. ಇದನ್ನು ಸರಿಪಡಿಸಬೇಕು, ನಿಜ. ಆದರೆ ಚಹಾದಂಗಡಿಯ ನಗುವನ್ನು ಪೊಲೀಸ್ ಠಾಣೆಗೆ ಒಯ್ದರೆ ಆಗುವುದು ಇಷ್ಟೇ: ಜನ ಉಗ್ಗುವವರ ಮುಂದೆ ನಗುವುದನ್ನು ಬಿಡುತ್ತಾರೆ, ಜತೆಗೆ ಅವರೊಡನೆ ಮಾತಾಡುವುದನ್ನೂ ಬಿಡುತ್ತಾರೆ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಕೋರ್ಟಿನ ಗೆರೆಗಿಂತ ನಮ್ಮ ಪಕ್ಕದ ಕೇರಳದ ಒಂದು ಕತೆ. ಅಲ್ಲಿನ ಮೊದಲ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡರಿಗೆ ಉಗ್ಗು ಇದ್ದದ್ದು ಎಲ್ಲರಿಗೂ ತಿಳಿದದ್ದೇ. ನೀವು ಯಾವಾಗಲೂ ಉಗ್ಗುತ್ತೀರಾ ಎಂದು ಪತ್ರಕರ್ತನೊಬ್ಬ ಕೇಳಿದನಂತೆ. ‘ಇಲ್ಲ, ಮಾತಾಡುವಾಗ ಮಾತ್ರ’ ಎಂದರಂತೆ ಅವರು. ಹಲವರು ಹಲವು ರೀತಿಯಲ್ಲಿ ಹೇಳುವ ಕತೆ ಇದು. ಕೇಳಿದಾಗಲೆಲ್ಲ ನಗು ಬರುತ್ತದೆ, ಆ ನಗುವಿನಲ್ಲಿ ಉಗ್ಗೂ ಇದೆ. ಆದರೆ ನಾವು ನಗುವುದು ಅವರ ತಡವರಿಕೆಗಲ್ಲ, ಅವರು ಹೇಳಿದ ಮಾತಿಗೆ. ಸಣ್ಣಗಾದವನು ಕೇಳಿದವನು. ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಬಸ್ಸಿನ ಆ ವಿಡಿಯೊ ನೋಡಿ. ಅಲ್ಲಿ ಉಗ್ಗುವವನು ಏನಾದರೂ ಹೇಳಿದನೇ? ಇಲ್ಲ. ಉಗ್ಗನ್ನು ತೆಗೆದುಹಾಕಿದರೆ ಹಾಸ್ಯ ಉಳಿಯುತ್ತದೆಯೇ? ಟಿಕೆಟ್ ಕೇಳಿದ, ಕಂಡಕ್ಟರ್ ಕೊಟ್ಟ, ಅಷ್ಟೇ. ಬರೆದವನಿಗೆ ಹಾಸ್ಯ ಹೊಳೆದಿಲ್ಲ, ಇನ್ನೊಬ್ಬನ ಗಂಟಲಿನಿಂದ ಸಾಲ ತಂದಿದ್ದಾನೆ.

ನಮ್ಮ ಗಾಜಿಪುರದ ಸಹೋದ್ಯೋಗಿಯ ಮಾತನ್ನೂ ಇದರ ಪಕ್ಕದಲ್ಲಿಡುತ್ತೇನೆ. 2016ರಲ್ಲಿ ಜಿಯೋ ಬರುವ ಮುನ್ನ ಕರೆಗೆ ಸೆಕೆಂಡಿನ ಲೆಕ್ಕದಲ್ಲಿ ದುಡ್ಡು ಹೋಗುತ್ತಿತ್ತಲ್ಲ, ಆ ಕಾಲದ ಬಗ್ಗೆ ಒಮ್ಮೆ ಅವರು ಹೇಳಿದರು: ‘ನೀವೆಲ್ಲ ಒಂದು ರೂಪಾಯಿಗೆ ಆಡುವ ಮಾತಿಗೆ ನಾನು ನಾಲ್ಕು ರೂಪಾಯಿ ಕೊಟ್ಟಿದ್ದೇನೆ. ಕರೆ ಫ್ರೀ ಮಾಡಿದವರು ನನಗೆ ಮಾಡಿದಷ್ಟು ಉಪಕಾರವನ್ನು ಯಾವ ಡಾಕ್ಟರೂ ಮಾಡಿಲ್ಲ.’ ಇದನ್ನು ಹೇಳಿ ಮುಗಿಸಲು ಅವರಿಗೆ ಸಮಯ ಹಿಡಿಯಿತು. ಅಂದು ಅದೃಷ್ಟಕ್ಕೆ ಯಾರೂ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಹುಟ್ಟಿದ ನಗು ನಮ್ಮ ಶಾಖೆಯಲ್ಲಿ ವಾರಗಟ್ಟಲೆ ಓಡಾಡಿತು. ಉಗ್ಗಿನ ಬಗ್ಗೆ ಹಾಸ್ಯ ಸಾಧ್ಯವೇ ಇಲ್ಲ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಹಾಗಾದರೆ ಉಗ್ಗುವವರು ಮಾತ್ರ ಉಗ್ಗಿನ ಹಾಸ್ಯ ಮಾಡಬೇಕೇ? ಅಷ್ಟು ಸುಲಭದ ಗೆರೆಯೂ ಅಲ್ಲ. 2017ರ ನಮ್ಮ ‘ಒಂದು ಮೊಟ್ಟೆಯ ಕಥೆ’ ನೆನಪಿಸಿಕೊಳ್ಳಿ. ಬೊಕ್ಕತಲೆಯ ಕನ್ನಡ ಮೇಷ್ಟ್ರ ಹೆಣ್ಣು ಹುಡುಕುವ ಪಾಡು. ಬರೆದು, ನಿರ್ದೇಶಿಸಿ, ನಟಿಸಿದ ರಾಜ್ ಬಿ. ಶೆಟ್ಟಿಯವರಿಗೆ ಆ ತಲೆ ಸ್ವಂತದ್ದೇ. ಅದರಿಂದಲೇ ಚಿತ್ರಕ್ಕೆ ಆ ಸಲಿಗೆ ಬಂತು, ಒಪ್ಪುತ್ತೇನೆ. ಆದರೆ 1988ರ ಇಂಗ್ಲಿಷ್ ಚಿತ್ರ ‘ಎ ಫಿಶ್ ಕಾಲ್ಡ್ ವಾಂಡಾ’ದಲ್ಲಿ ಉಗ್ಗುವವನ ಪಾತ್ರ ಮಾಡಿದ ಮೈಕೆಲ್ ಪೇಲಿನ್‌ಗೆ ಉಗ್ಗಿರಲಿಲ್ಲ, ಅವರ ತಂದೆಗಿತ್ತು. ಆ ಪಾತ್ರವನ್ನು ಅಣಕಿಸುವವನೇ ಚಿತ್ರದ ದೊಡ್ಡ ಪೆದ್ದ, ಕೊನೆಗೆ ಅವನಿಗೇ ಶಾಸ್ತಿಯಾಗುತ್ತದೆ. ಹೀಗಿದ್ದೂ ಅಮೆರಿಕದ ಉಗ್ಗುವವರ ಸಂಘಟನೆ ಪ್ರತಿಭಟಿಸಿತು. 1993ರಲ್ಲಿ ಉಗ್ಗುವ ಮಕ್ಕಳಿಗಾಗಿ ಲಂಡನ್ನಿನಲ್ಲಿ ತೆರೆದ ಕೇಂದ್ರಕ್ಕೆ ಪೇಲಿನ್ ತಮ್ಮ ಹೆಸರು ಕೊಟ್ಟರು, ಇಂದಿಗೂ ಅದೇ ಹೆಸರು. ನನ್ನ ತಕರಾರು ಆ ಚಿತ್ರದ ಬೇರೊಂದು ಕಡೆ ಇದೆ. ಸೇಡು ತೀರಿಸಿಕೊಂಡ ಕೂಡಲೇ ಅವನ ಉಗ್ಗು ಮಾಯವಾಗುತ್ತದೆ. ಧೈರ್ಯ ಬಂದರೆ ಮಾತು ಬರುತ್ತದೆ ಎಂಬ ಆ ಹಳೆಯ ಸುಳ್ಳು, ನಗುವಿಗಿಂತ ಹೆಚ್ಚು ಹಾನಿ ಮಾಡುತ್ತದೆ.

ಹಾನಿ ಎಂದಾಗ ‘ಡರ್’ ನೆನಪಾಗುತ್ತದೆ. 1993ರ ಆ ಚಿತ್ರ ಹಾಸ್ಯದ್ದೇ ಅಲ್ಲ. ಶಾರುಕ್ ಖಾನ್ ನಾಯಕಿಯ ಹೆಸರಿನ ಮೊದಲ ಅಕ್ಷರದಲ್ಲಿ ತಡವರಿಸುವುದು ಅಲ್ಲಿ ಹುಚ್ಚುಪ್ರೇಮದ ಗುರುತು. ಆದರೆ ಮಿಮಿಕ್ರಿ ಮಾಡುವವರ ಕೈಗೆ ಸಿಕ್ಕಿ ಅದು ದೇಶದ ತುಂಬ ನಗೆಯ ಸರಕಾಯಿತು. ನಮ್ಮ ಸಹೋದ್ಯೋಗಿ ಆಗ ಶಾಲೆಯ ಹುಡುಗ. ಕಾರಿಡಾರಿನಲ್ಲಿ ನಡೆದರೆ ಸಾಕು, ಹಿಂದಿನಿಂದ ಆ ‘ಕ’ಕಾರ ಕೇಳಿಬರುತ್ತಿತ್ತಂತೆ. ಎರಡು ವರ್ಷ ತರಗತಿಯಲ್ಲಿ ಹಾಜರಿಗೆ ಅವರು ‘ಪ್ರೆಸೆಂಟ್ ಸರ್’ ಎನ್ನದೆ ಕೈ ಎತ್ತುತ್ತಿದ್ದರು. ಮೇಷ್ಟ್ರಿಗೆ ಇದು ಉದ್ಧಟತನವಾಗಿ ಕಂಡು ಏಟೂ ಬಿದ್ದವು.

ಇದಕ್ಕೆ ಮದ್ದು ಗಂಭೀರ ಮುಖವಲ್ಲ ಎಂಬುದನ್ನೂ ಹೇಳಬೇಕು. ಉಗ್ಗುವವರು ಎದುರು ನಿಂತ ಕೂಡಲೇ ಕೆಲವರ ಮುಖ ಶ್ರಾದ್ಧದ ಮನೆಯವರಂತೆ ಆಗುತ್ತದೆ. ಕಣ್ಣು ತಪ್ಪಿಸುತ್ತಾರೆ, ‘ನಿಧಾನ, ನಿಧಾನ, ಉಸಿರು ತಗೊಳ್ಳಿ’ ಎನ್ನುತ್ತಾರೆ, ಪದ ಹುಡುಕಿ ಕೈಗಿಡುತ್ತಾರೆ. ಸಹೋದ್ಯೋಗಿಯ ಪ್ರಕಾರ ನಗುವವನಾದರೂ ವಾಸಿ, ಅವನ ಜತೆ ಜಗಳವಾಡಬಹುದು. ಹೊರನಾಡಿನಲ್ಲಿರುವ ನಮಗೆ ಇದು ಅಷ್ಟಿಷ್ಟು ಅರ್ಥವಾಗಬೇಕು. ಪರಭಾಷೆಯಲ್ಲಿ ತಡವರಿಸುವಾಗ ಎದುರಿನವರು ನಮ್ಮ ವಾಕ್ಯ ಮುಗಿಸಿಕೊಟ್ಟರೆ ಆಗುವ ಕಿರಿಕಿರಿ ಗೊತ್ತು. ಸಂಜೆ ಮನೆಗೆ ಬಂದು ಕನ್ನಡದಲ್ಲಿ ನಾಲ್ಕು ಮಾತಾಡಿದರೆ ನಮ್ಮ ನಾಲಿಗೆ ನಮಗೆ ಮರಳಿ ಸಿಗುತ್ತದೆ. ಅವರಿಗೆ ಹಾಗೆ ಹೋಗಿ ಸೇರುವ ತವರುಭಾಷೆ ಇಲ್ಲ.

ನನ್ನ ವೃತ್ತಿಯ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಫೋನಿನಲ್ಲಿ ಖಾತೆಯ ಗುರುತು ಪರಿಶೀಲಿಸುವಾಗ ಮೊದಲು ಕೇಳುವುದೇ ಹೆಸರು ಮತ್ತು ಹುಟ್ಟಿದ ದಿನಾಂಕ. ಹೆಸರು ಹೇಳಲು ಐದು ಸೆಕೆಂಡ್ ತಡವಾದರೆ ಆ ಕಡೆಯವರಿಗೆ ಅನುಮಾನ, ಹತ್ತು ಸೆಕೆಂಡಾದರೆ ಲೈನು ಕಟ್. ‘ನಿಮ್ಮ ಹೆಸರೇ ನಿಮಗೆ ಗೊತ್ತಿಲ್ಲವೇ?’ ಎಂದು ನಕ್ಕವರೂ ಇದ್ದಾರೆ. ಕೌಂಟರಿನಲ್ಲಿ ಆಗುವುದೂ ಇದೇ, ಹಿಂದಿನ ಸಾಲು ಗೊಣಗುತ್ತದೆ. ನಗಬಹುದೇ ಬಾರದೇ ಎಂಬ ನಮ್ಮ ಚರ್ಚೆ ವೇದಿಕೆಯ ಮೇಲಿನ ಹಾಸ್ಯಗಾರನ ಸುತ್ತಲೇ ಸುತ್ತುತ್ತದೆ. ಉಗ್ಗುವವರ ದಿನ ಕಳೆಯುವುದು ಮಾತ್ರ ಇಂಥ ಹತ್ತು ಸೆಕೆಂಡುಗಳಲ್ಲಿ.

ಹನುಮಾನ್ ಘಾಟಿನ ಆಸುಪಾಸಿನಲ್ಲಿ ತಲೆಮಾರುಗಳಿಂದ ನೆಲೆಸಿದ ದಕ್ಷಿಣದ ಕುಟುಂಬಗಳಿವೆ. ಅಲ್ಲಿ ನಮಗೆ ಪರಿಚಯದ ಕನ್ನಡದ ಪುರೋಹಿತರೊಬ್ಬರ ಮಗನಿಗೆ ಹನ್ನೆರಡು ವರ್ಷ, ಉಗ್ಗು ಇದೆ. ಪಾಠಶಾಲೆಯಲ್ಲಿ ಎಲ್ಲರ ಜತೆ ದನಿಗೂಡಿಸಿ ಮಂತ್ರ ಹೇಳುವಾಗ ಒಂದಕ್ಷರವೂ ನಿಲ್ಲುವುದಿಲ್ಲ. ‘ಊಟ ಆಯ್ತೇನೋ’ ಎಂದರೆ ಉತ್ತರ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇದು ಗಂಗೆಯ ಮಹಿಮೆ ಎಂದು ಅವನ ಅಜ್ಜಿ. ಹತ್ತು ದನಿಗಳ ಜತೆ ಒಂದಾಗಿ ಹೇಳುವಾಗ, ರಾಗವಾಗಿ ಹಾಡುವಾಗ ಉಗ್ಗು ಬಹುಪಾಲು ಕರಗುವುದು ಜಗತ್ತಿನ ಎಲ್ಲ ಕಡೆಯೂ ಕಂಡದ್ದೇ, ಥೇಮ್ಸ್ ದಡದಲ್ಲೂ ಹಾಗೇ. ಅಜ್ಜಿಗೆ ನಾನು ಅದನ್ನು ಹೇಳಲು ಹೋಗಲಿಲ್ಲ. ಊರಿನಿಂದ ಪಿತೃಕಾರ್ಯಕ್ಕೆ ಬರುವ ನಮ್ಮವರಲ್ಲೇ ಕೆಲವರು ಹುಡುಗ ಸಂಕಲ್ಪಕ್ಕೆ ಗೋತ್ರ ಕೇಳಲು ತಡವರಿಸಿದರೆ ಒಬ್ಬರನ್ನೊಬ್ಬರು ನೋಡಿ ಮುಸಿಮುಸಿ ನಗುತ್ತಾರಂತೆ.

1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಾವು ‘ಆಯಿಷ್’ ಎನ್ನುವುದು, ಅಲ್ಲಿಗೊಮ್ಮೆ ಕರೆದೊಯ್ಯಿರಿ ಎಂದು ಅವರ ಮನೆಯಲ್ಲಿ ಕೂತು ಹೇಳಿದೆ. ಇಲ್ಲಿಂದ ಮೈಸೂರಿಗೆ ನೇರ ರೈಲೇ ಇದೆ. ಒಂದೇ ಸಲಕ್ಕೆ ವಾಸಿ ಮಾಡುತ್ತೇವೆ ಎನ್ನುವವರ ಕೈಗೆ ಸಿಗುವುದಕ್ಕಿಂತ, ತಡೆಯುವ ಮಾತನ್ನು ಹೆದರದೆ ಆಡುವುದನ್ನು ಕಲಿಸುವವರು ಮೇಲು. ತಂದೆ ಯೋಚಿಸುತ್ತಿದ್ದರು. ಅಜ್ಜಿ, ಮಂತ್ರ ಬರುತ್ತಲ್ಲ, ಸಾಲದೇ ಎಂದರು. ಹುಡುಗ ಬಾಗಿಲಿಗೆ ಒರಗಿ ನಿಂತಿದ್ದವನು ಏನೋ ಹೇಳಲು ಶುರು ಮಾಡಿದ. ಮೊದಲ ಪದಕ್ಕೇ ಸಾಕಷ್ಟು ಹೊತ್ತಾಯಿತು. ಅಜ್ಜಿ ಮುಗಿಸಿಕೊಡಲು ಬಾಯಿ ತೆರೆದರು, ತಂದೆ ಕೈ ಅಡ್ಡ ಹಿಡಿದರು. ಕಾದೆವು.

‘ಮೈಸೂರಲ್ಲಿ ಮಾತು ಸರಿ ಮಾಡಿಬಿಟ್ಟರೆ, ಆಮೇಲೆ ದಕ್ಷಿಣೆ ಜಾಸ್ತಿ ಕೇಳೋಕೆ ಅಪ್ಪ ನನ್ನನ್ನೇ ಕಳಿಸ್ತಾರೆ’ ಎಂದ.

ತಂದೆಗೆ ಬಂದ ನಗುವಿಗೆ ಪಂಚಾಂಗ ಕೈಯಿಂದ ಜಾರಿತು.